ಮೂಗಿನ ದುರ್ಮಾಂಸ: ಆಪರೇಷನ್ನಾ, ಬಯೋಲಾಜಿಕ್ ಸೂಜಿಯಾ? ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಗು ಕಟ್ಟಿ ವರ್ಷಗಳಾದವರು, ಒಮ್ಮೆ ಆಪರೇಷನ್ ಮಾಡಿಸಿಕೊಂಡು ಮತ್ತೆ ಅಲ್ಲಿಗೇ ಬಂದವರು, ಈಚೆಗೆ ಎಲ್ಲೋ ‘ಬಯೋಲಾಜಿಕ್’ (ಉರಿಯೂತವನ್ನು ಬುಡದಲ್ಲೇ ತಡೆಯುವ ಸೂಜಿಮದ್ದು) ಅನ್ನೋ ಮಾತು ಕೇಳಿ ತಲೆ ಕೆಡಿಸಿಕೊಂಡವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಇದನ್ನು ಓದಿ ಯಾವ ಔಷಧಿಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ದುರ್ಮಾಂಸ ಅಂದ್ರೆ ಕ್ಯಾನ್ಸರ್ ಗಡ್ಡೆನಾ?

ಅಲ್ಲ. ಮೂಗಿನ ಮತ್ತು ಸೈನಸ್‌ಗಳ (ಮೂಗಿನ ಸುತ್ತಲಿನ ಎಲುಬಿನೊಳಗಿನ ಟೊಳ್ಳುಗಳ) ಒಳಪೊರೆ ಬಹಳ ಕಾಲ ಊದಿಕೊಂಡೇ ಇದ್ದು, ನೀರು ತುಂಬಿ, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಜೋತು ಬೀಳುತ್ತದೆ. ಡಾಕ್ಟರು ಅದನ್ನು ಪಾಲಿಪ್ ಅನ್ನುತ್ತಾರೆ. ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಮುಟ್ಟಿದರೆ ನೋವಿಲ್ಲ. ಮೂಗು ಕಟ್ಟುವುದು, ಸಿಂಬಳ ಮುಂದಕ್ಕೋ ಗಂಟಲಿಗೋ ಇಳಿಯುವುದು, ಮುಖ ಭಾರ, ವಾಸನೆ ಹೋಗುವುದು, ಇವು 12 ವಾರಕ್ಕಿಂತ ಜಾಸ್ತಿ ಇದ್ದರೆ ಅದು ದೀರ್ಘಕಾಲದ ಸೈನಸೈಟಿಸ್.

ಇಲ್ಲೊಂದು ಮಾತು ಚೆನ್ನಾಗಿ ತಿಳಿದುಕೊಳ್ಳಿ. ಪಾಲಿಪ್ ಮೂಲ ಕಾಯಿಲೆ ಅಲ್ಲ, ಕಾಯಿಲೆಯಿಂದ ಹುಟ್ಟಿದ್ದು. ಮೂಲದಲ್ಲಿರುವುದು ದೇಹದ ರೋಗನಿರೋಧಕ ಶಕ್ತಿಯ ಒಂದು ಬಗೆಯ ಅತಿರೇಕ. ಅದಕ್ಕೆ ‘ಟೈಪ್ 2 ಉರಿಯೂತ’ ಅಂತಾರೆ. ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣಗಳು, ಐಜಿಇ ಅನ್ನೋ ಅಲರ್ಜಿಯ ಪ್ರತಿಕಾಯ, ಇಂಟರ್‌ಲ್ಯೂಕಿನ್ 4, 5 ಮತ್ತು 13 ಅನ್ನೋ ಸಂದೇಶದ ಪ್ರೋಟೀನುಗಳು ಇದರ ಹಿಂದೆ ಇರುತ್ತವೆ. ಆಪರೇಷನ್ ಪಾಲಿಪ್ ತೆಗೆಯುತ್ತದೆ. ಬಯೋಲಾಜಿಕ್ ಈ ಪ್ರೋಟೀನುಗಳನ್ನು ತಡೆಯುತ್ತದೆ. ಇಡೀ ಚರ್ಚೆ ಇರುವುದೇ ಇಲ್ಲಿ.

ಮೂಗಿನಲ್ಲಿ ಮಾಂಸ ಬೆಳೆದರೆ ಎಲ್ಲವೂ ಒಂದೇ ಅಲ್ವಾ?

ಇಲ್ಲ, ನಮ್ಮ ಭಾಗದಲ್ಲಂತೂ ಹಾಗೆ ಅಂದುಕೊಳ್ಳಲೇಬಾರದು. ಪಾಶ್ಚಾತ್ಯ ದೇಶಗಳ ಬರಹ ಓದಿ ನೇರವಾಗಿ ನಮಗೆ ಹೊಂದಿಸಿಕೊಳ್ಳುವವರು ಎಡವುವುದು ಇಲ್ಲಿಯೇ.

ಒಂದೇ ಹೊಳ್ಳೆಯಲ್ಲಿ ಮಾತ್ರ ಬೆಳೆದಿದೆಯಾ? ಹಾಗಿದ್ದರೆ ಸ್ಕ್ಯಾನ್, ಬೇಕಾದರೆ ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಆಗಲೇಬೇಕು. ಅದು ಗಡ್ಡೆಯೂ ಇರಬಹುದು. ಮಕ್ಕಳಲ್ಲಿ, ಹರೆಯದವರಲ್ಲಿ ಒಂದೇ ಉದ್ದನೆಯ ಪಾಲಿಪ್ ಕೆನ್ನೆಯ ಸೈನಸ್‌ನಿಂದ ಹೊರಟು ಮೂಗಿನ ಹಿಂಬದಿಗೆ ಇಳಿದಿರುತ್ತದೆ. ಅದಕ್ಕೆ ಆಪರೇಷನ್ನೇ ಮದ್ದು. ಕೆರೆ, ಹೊಂಡದಲ್ಲಿ ಈಜುವವರಿಗೆ ಕೆಂಪಗಿನ, ಮೇಲೆ ಬಿಳಿ ಚುಕ್ಕೆ ಇರುವ, ಮುಟ್ಟಿದರೆ ರಕ್ತ ಸೋರುವ ಗಂಟು ಬಂದಿದ್ದರೆ ಅದು ರೈನೋಸ್ಪೋರಿಡಿಯೋಸಿಸ್ ಇರಬಹುದು. ಅದನ್ನೂ ಬುಡಸಮೇತ ತೆಗೆದು ಬುಡ ಸುಡಬೇಕು. ಬಯೋಲಾಜಿಕ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು, ಬಿಸಿ ಹವೆಯ ಊರುಗಳಲ್ಲಿ ಕಾಣುವ ಅಲರ್ಜಿಕ್ ಫಂಗಲ್ ಸೈನಸೈಟಿಸ್. ಹೆಚ್ಚಾಗಿ ಹರೆಯದವರಲ್ಲಿ. ಸೈನಸ್ ಒಳಗೆ ಕಂದು-ಹಸಿರು ಬಣ್ಣದ, ಅಂಟಂಟಾದ, ಗಟ್ಟಿ ಸಿಂಬಳ ತುಂಬಿರುತ್ತದೆ. ಅದು ಒತ್ತಿ ಒತ್ತಿ ಕಣ್ಣು ಗುಡ್ಡೆ ಮುಂದಕ್ಕೆ ಬರುವುದೂ ಉಂಟು. ಆ ಸಿಂಬಳವನ್ನು ಸರ್ಜನ್ನೇ ಸೈನಸ್ ತೆರೆದು ತೆಗೆದು ತೊಳೆಯಬೇಕು, ಅಂದರೆ ಆಪರೇಷನ್ ಬೇಕೇ ಬೇಕು. ‘ಫಂಗಸ್’ ಅಂದ ಕೂಡಲೇ 2021ರ ಬ್ಲ್ಯಾಕ್ ಫಂಗಸ್ ನೆನೆದು ಮನೆಯವರು ನಡುಗುತ್ತಾರೆ. ಇದು ಅದಲ್ಲ. ಬ್ಲ್ಯಾಕ್ ಫಂಗಸ್ ದೇಹದೊಳಕ್ಕೆ ನುಗ್ಗಿ ಅಂಗಾಂಶವನ್ನೇ ಕೊಲ್ಲುತ್ತದೆ. ಇಲ್ಲಿ ಫಂಗಸ್‌ಗೆ ಅಲರ್ಜಿ ಅಷ್ಟೇ.

ಆಪರೇಷನ್ನೂ ಬೇಡ, ಸೂಜಿಯೂ ಬೇಡ. ಬೇರೆ ದಾರಿ ಇಲ್ವಾ?

ಇದೆ. ಎಲ್ಲರೂ ಮೊದಲು ಹಿಡಿಯಬೇಕಾದ ದಾರಿಯೂ ಅದೇ: ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ, ಉಪ್ಪುನೀರಿನ ತೊಳೆತ. ‘ಸ್ಪ್ರೇ ಹೊಡ್ಕೊಂಡೆ, ಏನೂ ಆಗಲಿಲ್ಲ’ ಅನ್ನುವವರನ್ನು ಹೇಗೆ ಹೊಡೆದುಕೊಂಡಿರಿ ಅಂತ ಕೇಳಿ ನೋಡಿ. ತಲೆ ಹಿಂದಕ್ಕೆ ಎತ್ತಿ, ನಡುಗೋಡೆಗೆ ಗುರಿ ಇಟ್ಟು, ಜೋರಾಗಿ ಎಳೆದುಕೊಂಡಿರುತ್ತಾರೆ. ಔಷಧಿ ಗಂಟಲಿಗೆ ಹೋಗುತ್ತದೆ, ಮೂಗಿನ ನಡುಗೋಡೆಯಲ್ಲಿ ರಕ್ತ ಬರುತ್ತದೆ. ಸರಿಯಾದ ರೀತಿ ಹೀಗಿದೆ. ಮೊದಲು ಮೂಗು ತೊಳೆದುಕೊಳ್ಳಿ. ತಲೆ ಸ್ವಲ್ಪ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆ ಇರುವ ಹಾಗೆ ಹಿಡಿದು ಒತ್ತಿ. ಮೆಲ್ಲಗೆ ಉಸಿರಾಡಿ, ಎಳೆಯಬೇಡಿ. ಕೆಲವು ವಾರ ಬಿಡದೆ ಮಾಡಿದರೇ ಗುಣ ಗೊತ್ತಾಗುವುದು.

ತೊಳೆಯುವ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಬೋರಿನ ನೀರು, ಕಾಲುವೆ ನೀರು, ನಲ್ಲಿ ನೀರು ನೇರವಾಗಿ ಬೇಡ.

ಮೂಗು ತಕ್ಷಣ ತೆರೆಯುವ ಡ್ರಾಪ್ಸ್ ಬೇರೆ. ಆಕ್ಸಿಮೆಟಾಜೊಲಿನ್, ಕ್ಸೈಲೊಮೆಟಾಜೊಲಿನ್ ಇರುವಂಥವು. ಒಂದು ವಾರ ದಾಟಿ ಹಾಕಿಕೊಂಡರೆ ಅವೇ ಮೂಗು ಕಟ್ಟಿಸುತ್ತವೆ.

ಊರ ಡಾಕ್ಟರು ಒಂದು ಸೂಜಿ ಮಾಡಿದ್ರೆ ಮೂಗು ತಿಂಗಳುಗಟ್ಟಲೆ ಬಿಟ್ಟುಕೊಳ್ತದೆ. ಅದೇ ಸಾಕಲ್ವಾ?

ಆ ಸೂಜಿ ಬಹುತೇಕ ಸ್ಟಿರಾಯ್ಡ್. ಬಯೋಲಾಜಿಕ್ ಅಲ್ಲ, ಎರಡನ್ನೂ ಒಂದು ಮಾಡಬೇಡಿ. ಸ್ಟಿರಾಯ್ಡ್ ಮಾತ್ರೆಯಾಗಲಿ ಸೂಜಿಯಾಗಲಿ ಪಾಲಿಪ್ ಕುಗ್ಗಿಸುತ್ತದೆ, ವಾಸನೆಯೂ ಮರಳಿ ಬರುತ್ತದೆ, ಆಮೇಲೆ ಎಲ್ಲಾ ಮೊದಲಿನಂತೆಯೇ. ಒಂದೆರಡು ವಾರದ ಕೋರ್ಸ್ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಸ್ತಿ ಆದರೆ ಶುಗರ್, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಚೀಟಿ ಇಲ್ಲದೆ, ಹೆಸರು ಹೇಳದೆ ಮಾಡುವ ಸೂಜಿಯ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ ಅನ್ನುವುದೇ ದೊಡ್ಡ ತೊಂದರೆ. ‘ಆಪರೇಷನ್ ಇಲ್ಲದೆ ದುರ್ಮಾಂಸ ಸುಡುತ್ತೇವೆ’ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ಮೂಗಿನ ಒಳಗೆ ಸುಟ್ಟ ಗಾಯ ಅಂಟಿಕೊಂಡು ಒಣಗಿದರೆ ಆಮೇಲೆ ಸರಿಯಾದ ಆಪರೇಷನ್ನೂ ಕಷ್ಟ.

ಆಪರೇಷನ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಮುಖದ ಮೇಲೆ ಕೊಯ್ಯುವುದಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಹೊಳ್ಳೆಯಿಂದ ಎಂಡೋಸ್ಕೋಪ್ ಹಾಕಿ, ಟಿವಿ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಆಸ್ಟ್ರಿಯಾದ ಗ್ರಾಜ್ ಊರಿನ ಮೆಸ್ಸರ್‌ಕ್ಲಿಂಗರ್ ಹಾಕಿದ ದಾರಿ ಇದು. 1980ರ ದಶಕದಲ್ಲಿ ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಕೆನೆಡಿ ಅನ್ನೋ ಸರ್ಜನ್‌ಗಳು ಇದನ್ನು ಜಗತ್ತಿಗೆಲ್ಲಾ ಹರಡಿದರು.

ಇದರಲ್ಲಿ ಎರಡು ಕೆಲಸ ಇದೆ. ಒಂದು, ಪಾಲಿಪ್ ತೆಗೆಯುವುದು. ಇನ್ನೊಂದು, ಸೈನಸ್‌ಗಳ ಬಾಯಿಯನ್ನು ಅಗಲ ಮಾಡುವುದು, ಮುಂದೆ ಸ್ಪ್ರೇ ಮತ್ತು ತೊಳೆಯುವ ನೀರು ಒಳಗೆ ತಲುಪಲಿ ಅಂತ. ಎರಡನೆಯದೇ ಮುಖ್ಯ. ಕಣ್ಣಿಗೆ ಕಂಡಷ್ಟು ಕಿತ್ತು ಬಿಟ್ಟರೆ ಬೇಗನೆ ಮತ್ತೆ ಬರುತ್ತದೆ. ಆದ್ದರಿಂದ ‘ಎಲ್ಲಾ ಸೈನಸ್‌ಗಳನ್ನೂ ತೆರೆಯುತ್ತೀರಾ, ಸಾರ್?’ ಅಂತ ಕೇಳುವುದು ಅಧಿಕಪ್ರಸಂಗವಲ್ಲ.

ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಮೂಗಿಗೆ ಬತ್ತಿ ತುರುಕಿದ್ದರೆ ಅದನ್ನು ತೆಗೆಯುವ ಹೊತ್ತು ಹಿತವಾಗಿರುವುದಿಲ್ಲ, ಅದನ್ನು ಮುಚ್ಚಿಡುವುದೇಕೆ? ಆಮೇಲೆ ಹೆಪ್ಪು, ಹಕ್ಕಳೆ, ತೊಳೆತ. ಒಂದೆರಡು ವಾರ ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುವವರು ಈ ರಜೆಯನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಡಾಕ್ಟರು ಮತ್ತೆ ಮತ್ತೆ ಕರೆದು ಎಂಡೋಸ್ಕೋಪ್ ಹಾಕಿ ಒಳಗೆ ಚೊಕ್ಕಟ ಮಾಡುತ್ತಾರೆ. ‘ಬಿಟ್ಟುಕೊಂಡದ, ಇನ್ಯಾಕ ಹೋಗಬೇಕು’ ಅಂತ ಈ ಭೇಟಿ ತಪ್ಪಿಸುವವರಿದ್ದಾರೆ. ಆಪರೇಷನ್ ಕೆಡುವುದು ಬಹಳ ಸಲ ಹಾಗೆಯೇ.

ಕಣ್ಣು, ಮೆದುಳು ಹತ್ತಿರ ಅಂತಾರೆ. ಅಪಾಯ ಎಷ್ಟು?

ಹತ್ತಿರ ಇರುವುದು ನಿಜ. ಕಣ್ಣಿಗೂ ಸೈನಸ್‌ಗೂ ನಡುವೆ ಇರುವುದು ಬಹಳ ತೆಳ್ಳನೆಯ ಎಲುಬು. ಮೇಲೆ ಮೆದುಳಿನ ತಳ. ಕಣ್ಣಿಗೆ ಪೆಟ್ಟು, ಮೆದುಳಿನ ನೀರು ಸೋರುವುದು, ಜೋರು ರಕ್ತಸ್ರಾವದಂಥ ದೊಡ್ಡ ತೊಂದರೆ 100 ಆಪರೇಷನ್‌ಗಳಲ್ಲಿ ಒಂದಕ್ಕಿಂತ ಕಡಿಮೆ. ಆಪರೇಷನ್‌ಗೆ ಮುಂಚೆ ಸಿಟಿ ಸ್ಕ್ಯಾನ್ ಮಾಡಿಸುವುದು ಈ ಕಾರಣಕ್ಕೇ. ಅದು ಸರ್ಜನ್‌ಗೆ ದಾರಿಯ ನಕ್ಷೆ. ಸ್ಕ್ಯಾನ್ ಇಲ್ಲದೆ ಆಪರೇಷನ್‌ಗೆ ಒಪ್ಪಬೇಡಿ.

ಆಪರೇಷನ್ ಆದರೂ ಮತ್ತೆ ಬರುತ್ತಂತೆ?

ಬರುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಬೆಲ್ಜಿಯಂನ ಗೆಂಟ್‌ನಲ್ಲಿ ಆಪರೇಷನ್ ಆದವರನ್ನು 12 ವರ್ಷ ಹಿಂಬಾಲಿಸಿ 2019ರಲ್ಲಿ ವರದಿ ಮಾಡಿದರು. ಕೊನೆವರೆಗೂ ಸಿಕ್ಕ 38 ಮಂದಿಯಲ್ಲಿ 30 ಮಂದಿಗೆ ಪಾಲಿಪ್ ಮರಳಿತ್ತು. ಆದರೆ ಮತ್ತೆ ಆಪರೇಷನ್ ಬೇಕಾದದ್ದು 14 ಮಂದಿಗೆ ಮಾತ್ರ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ನೋಡಿ. ಎಂಡೋಸ್ಕೋಪಿನಲ್ಲಿ ಪಾಲಿಪ್ ಕಾಣುವುದು ಬೇರೆ, ಮನುಷ್ಯನಿಗೆ ತ್ರಾಸಾಗುವುದು ಬೇರೆ. ಸಣ್ಣದಾಗಿ ಮರಳಿದರೂ ಸ್ಪ್ರೇ, ತೊಳೆತದಲ್ಲೇ ವರ್ಷಗಟ್ಟಲೆ ಆರಾಮಾಗಿ ಇರುವವರಿದ್ದಾರೆ.

ಅಸ್ತಮಾ ಇದ್ದವರಿಗೆ, ನೋವಿನ ಮಾತ್ರೆ ಆಗಿಬರದವರಿಗೆ ಬೇಗ ಮರಳುತ್ತದೆ.

ನೋವಿನ ಮಾತ್ರೆಗೂ ಮೂಗಿಗೂ ಏನು ಸಂಬಂಧ?

ಬಹಳ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಪಾಲಿಪ್, ಅಸ್ತಮಾ, ಆಸ್ಪಿರಿನ್ ಥರದ ಮಾತ್ರೆ ಆಗಿಬರದಿರುವುದು, ಈ ಮೂರೂ ಒಬ್ಬರಲ್ಲೇ ಕೂಡಿಬರುವುದುಂಟು. 1922ರಲ್ಲೇ ಫ್ರಾನ್ಸಿನ ವಿಡಾಲ್ ಬರೆದಿದ್ದ. 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ವಿವರವಾಗಿ ಬರೆದ ಮೇಲೆ ‘ಸ್ಯಾಮ್ಟರ್ ತ್ರಿಕ’ ಅನ್ನೋ ಹೆಸರು ನಿಂತಿತು. ಮೈಕೈ ನೋವಿಗೆ ಅಂಗಡಿಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ತೆಗೆದುಕೊಂಡ ಮೇಲೆ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಬಿಗಿದು, ಎದೆ ಸುಯ್‌ಗುಟ್ಟಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಿ. ಬಯೋಲಾಜಿಕ್ ಮಾತು ನಿಜವಾಗಿ ಹೊಂದುವುದು ಹೆಚ್ಚಾಗಿ ಇಂಥವರಿಗೇ.

ಸರಿ, ಬಯೋಲಾಜಿಕ್ ಅಂದ್ರೆ ಏನು?

ಪ್ರಯೋಗಾಲಯದಲ್ಲಿ ಜೀವಕೋಶಗಳಿಂದ ತಯಾರಿಸಿದ ಪ್ರತಿಕಾಯ. ಹೊಟ್ಟೆ ಅಥವಾ ತೊಡೆಯ ಚರ್ಮದಡಿ ಸೂಜಿಯಲ್ಲಿ ಕೊಡುತ್ತಾರೆ. ಮೂಗಿನ ಪಾಲಿಪ್‌ಗೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಡುಪಿಲುಮಾಬ್‌ಗೆ, 2019ರಲ್ಲಿ. ಅದು ಇಂಟರ್‌ಲ್ಯೂಕಿನ್ 4 ಮತ್ತು 13ರ ದಾರಿಯನ್ನು ಮುಚ್ಚುತ್ತದೆ. 300 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಐಜಿಇ ತಡೆಯುವ ಓಮಾಲಿಜುಮಾಬ್‌ಗೆ 2020ರಲ್ಲಿ, ಇಂಟರ್‌ಲ್ಯೂಕಿನ್ 5 ತಡೆಯುವ ಮೆಪೊಲಿಜುಮಾಬ್‌ಗೆ 2021ರಲ್ಲಿ ಒಪ್ಪಿಗೆ ಬಂತು. 2025ರಲ್ಲಿ ಟೆಜೆಪೆಲುಮಾಬ್ ಕೂಡ ಸೇರಿತು.

ಗುಣ ಸಣ್ಣದೇನಲ್ಲ. ಡುಪಿಲುಮಾಬ್‌ನ ಸೈನಸ್-24 ಪ್ರಯೋಗದಲ್ಲಿ ಶುರುವಿಗೆ ವಾಸನೆ ಪೂರ್ತಿ ಹೋಗಿದ್ದವರು 100ಕ್ಕೆ 74. 24 ವಾರ ಕಳೆದಾಗ 24. ಒಗ್ಗರಣಿ-ಮಿರ್ಚಿ ತಿಂದರೆ ಖಾರ ಮಾತ್ರ ಗೊತ್ತಾಗಿ ಕೊತ್ತಂಬರಿ, ಬೆಳ್ಳುಳ್ಳಿ ಘಮ ಗೊತ್ತಾಗದವರಿಗೆ, ಗ್ಯಾಸ್ ಸೋರಿದರೂ ತಿಳಿಯದ ಮನೆಯಾಕೆಗೆ ಇದು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾ?

ಆದರೆ ಅದೇ ಪ್ರಯೋಗದಲ್ಲಿ 24 ವಾರಕ್ಕೆ ಸೂಜಿ ನಿಲ್ಲಿಸಿದಾಗ ಕಾಯಿಲೆ ಮತ್ತೆ ಏರತೊಡಗಿತು. ಸೂಜಿ ಇರುವವರೆಗೆ ಗುಣ.

ಅಷ್ಟು ಚೆನ್ನಾಗಿದ್ದರೆ ಎಲ್ಲರಿಗೂ ಮೊದಲೇ ಸೂಜಿ ಯಾಕೆ ಕೊಡಬಾರದು?

ಯುರೋಪಿನ ತಜ್ಞರ 2020ರ ಮಾರ್ಗಸೂಚಿ ಇದಕ್ಕೆ ಒಂದು ಅಳತೆ ಹಾಕಿದೆ. ಎರಡೂ ಕಡೆ ಪಾಲಿಪ್ ಇರಬೇಕು, ಈಗಾಗಲೇ ಆಪರೇಷನ್ ಆಗಿರಬೇಕು. ಅದರ ಮೇಲೆ ಐದು ಅಂಶಗಳಲ್ಲಿ ಮೂರು ಕೂಡಬೇಕು: ಟೈಪ್ 2 ಉರಿಯೂತಕ್ಕೆ ರಕ್ತದಲ್ಲೋ ತೆಗೆದ ಪಾಲಿಪ್ ತುಣುಕಿನಲ್ಲೋ ಪುರಾವೆ, ವರ್ಷಕ್ಕೆ ಎರಡು ಸಲವಾದರೂ ಸ್ಟಿರಾಯ್ಡ್ ಬೇಕಾಗುವುದು, ದಿನದ ಬದುಕು ತೀರಾ ಕೆಟ್ಟಿರುವುದು, ವಾಸನೆ ಹೋಗಿರುವುದು, ಇನ್‌ಹೇಲರ್ ಬೇಕಾಗುವ ಅಸ್ತಮಾ. ಅರಿವಳಿಕೆ ತಡೆಯದಷ್ಟು ಬೇರೆ ಕಾಯಿಲೆ ಇದ್ದವರಿಗೆ ಆಪರೇಷನ್ ಆಗಿರಬೇಕೆಂಬ ಷರತ್ತು ಇಲ್ಲ.

ನಮ್ಮ ಕಡೆಗೂ ಇದೇ ಕ್ರಮ ಸರಿ ಅಂತ ನಮ್ಮ ಅಭಿಪ್ರಾಯ. ಮೊದಲ ಸಲ ಪಾಲಿಪ್ ಪತ್ತೆಯಾದವರಿಗೆ ಸರಿಯಾದ ಔಷಧಿ, ಅದಕ್ಕೆ ಬಗ್ಗದಿದ್ದರೆ ಪೂರ್ತಿಯಾದ ಒಂದು ಆಪರೇಷನ್. ಅದೂ ಹಿಡಿಯದೆ, ಅಸ್ತಮಾ ಸೇರಿಕೊಂಡು ಕಾಡಿದರೆ ಆಗ ಬಯೋಲಾಜಿಕ್. ಮೂರನೇ, ನಾಲ್ಕನೇ ಆಪರೇಷನ್‌ಗೆ ಸಿದ್ಧವಾಗುತ್ತಿರುವವರು ಮಾತ್ರ ಸೂಜಿಯ ವಿಷಯ ಕೇಳದೆ ಮುಂದುವರಿಯಬಾರದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರಾ?

ಬೇರೆ ಬೇರೆ ಅಧ್ಯಯನಗಳ ಅಂಕಿ ತಂದು ಹೋಲಿಸಿದ್ದಾರೆ. ಒಟ್ಟಾರೆ ನೆಮ್ಮದಿಯಲ್ಲಿ ಆಪರೇಷನ್, ಡುಪಿಲುಮಾಬ್ ಎರಡೂ ಹೆಚ್ಚೂಕಡಿಮೆ ಸಮ. ಪಾಲಿಪ್ ಗಾತ್ರ ಇಳಿಸುವುದರಲ್ಲಿ ಆಪರೇಷನ್ ಮುಂದು. ತೆಗೆದುಹಾಕಿದ ಮೇಲೆ ಗಾತ್ರ ಇಳಿಯದೆ ಇರುತ್ತದಾ, ಅಲ್ವಾ? ಸೂಜಿಗಳ ನಡುವೆ ನೇರ ಪೈಪೋಟಿ ನಡೆದಿದೆ. ಪಾಲಿಪ್ ಜೊತೆ ಅಸ್ತಮಾ ಇದ್ದವರಲ್ಲಿ ಡುಪಿಲುಮಾಬ್ ಮತ್ತು ಓಮಾಲಿಜುಮಾಬ್ ಹೋಲಿಸಿದ ಎವರೆಸ್ಟ್ ಪ್ರಯೋಗದಲ್ಲಿ ಡುಪಿಲುಮಾಬ್ ಗೆದ್ದಿತು.

ಇವು ಒಂದಕ್ಕೊಂದು ಶತ್ರುಗಳೂ ಅಲ್ಲ. ಆಪರೇಷನ್ ಮಾಡಿ ಜಾಗ ಚೊಕ್ಕಟ ಮಾಡಿಕೊಂಡು, ಮರಳಿದರೆ ಸೂಜಿ ಹಿಡಿಯುವುದು ಈಗ ರೂಢಿಯಲ್ಲಿದೆ. ಸ್ಪ್ರೇ ಮಾತ್ರ ಎರಡರಲ್ಲೂ ತಪ್ಪುವುದಿಲ್ಲ.

ದುಡ್ಡಿನ ಲೆಕ್ಕ ಹೇಳಿ.

ಆಪರೇಷನ್ ಒಂದು ಸಲದ ಖರ್ಚು. ಡುಪಿಲುಮಾಬ್ ವರ್ಷಕ್ಕೆ 26 ಸೂಜಿ, ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ, ಎಷ್ಟು ವರ್ಷ ಅಂತ ಮಿತಿಯಿಲ್ಲ. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೀಗಿದೆ: 36 ವರ್ಷಕ್ಕೆ ಆಪರೇಷನ್ ದಾರಿಗೆ ಸುಮಾರು 50 ಸಾವಿರ ಡಾಲರ್, ಡುಪಿಲುಮಾಬ್ ದಾರಿಗೆ ಸುಮಾರು 5.36 ಲಕ್ಷ ಡಾಲರ್. ನೆಮ್ಮದಿಯ ವರ್ಷಗಳ ಲೆಕ್ಕದಲ್ಲೂ ಆಪರೇಷನ್ನೇ ಸ್ವಲ್ಪ ಮುಂದಿತ್ತು. ಡಾಲರ್ ಅಂಕಿ ನಮಗೆ ಹೊಂದದಿದ್ದರೂ ಹತ್ತು ಪಟ್ಟಿನ ಅಂತರ ಯೋಚನೆಗೆ ಹಚ್ಚುತ್ತದೆ.

ಸೈನಸ್‌ನ ಎಂಡೋಸ್ಕೋಪಿ ಆಪರೇಷನ್ ಆಯುಷ್ಮಾನ್ ಪ್ಯಾಕೇಜುಗಳಲ್ಲಿದೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 100ಕ್ಕೆ 30 ಭಾಗ, 1.5 ಲಕ್ಷದವರೆಗೆ. ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಮೊದಲೇ ಕೇಳಿ. ರೆಫರಲ್ ಚೀಟಿ ಬೇಕಾಗಬಹುದು. ಮನೆಗೆ ಒಯ್ದು ಮಾಡಿಕೊಳ್ಳುವ ಸೂಜಿಗೆ ಈ ಯೋಜನೆಯ ಹಣ ಸಿಗುವುದಿಲ್ಲ. ಖಾಸಗಿ ವಿಮೆ ಇದ್ದರೆ ‘ಅಡ್ಮಿಟ್ ಆಗದೆ ಕೊಡುವ ಬಯೋಲಾಜಿಕ್‌ಗೆ ಹಣ ಕೊಡುತ್ತೀರಾ’ ಅಂತ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ.

ಗುಣ ಚೆನ್ನಾಗಿ ಹಿಡಿದರೆ ಸೂಜಿಯ ನಡುವಿನ ಅಂತರ ಹೆಚ್ಚಿಸಬಹುದಾ ಅಂತಲೂ ಡಾಕ್ಟರನ್ನು ಕೇಳಿ. ಸೈನಸ್-52 ಪ್ರಯೋಗದಲ್ಲಿ ಒಂದು ಗುಂಪಿಗೆ 24 ವಾರದ ನಂತರ ನಾಲ್ಕು ವಾರಕ್ಕೊಮ್ಮೆ ಕೊಟ್ಟು ನೋಡಿದ್ದರು. ನೀವೇ ಸುಮ್ನೆ ಮುಂದೂಡಬೇಡಿ.

ಸೂಜಿಗೆ ಸೈಡ್ ಎಫೆಕ್ಟ್ ಏನು?

ಚುಚ್ಚಿದ ಜಾಗ ಕೆಂಪಾಗುವುದು ಸಾಮಾನ್ಯ. ಡುಪಿಲುಮಾಬ್‌ನಲ್ಲಿ ಕಣ್ಣು ಕೆಂಪಾಗಿ ಉರಿಯಬಹುದು, ಕೀಲು ನೋಯಬಹುದು, ರಕ್ತದಲ್ಲಿ ಇಯೊಸಿನೊಫಿಲ್ ಏರಬಹುದು. ಓಮಾಲಿಜುಮಾಬ್‌ನಲ್ಲಿ ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ. ಅದಕ್ಕೇ ಮೊದಲ ಸೂಜಿಗಳನ್ನು ಆಸ್ಪತ್ರೆಯಲ್ಲೇ ಕೊಟ್ಟು ಕೂರಿಸಿಕೊಳ್ಳುತ್ತಾರೆ. ಮೆಪೊಲಿಜುಮಾಬ್‌ನಲ್ಲಿ ಸರ್ಪಸುತ್ತು ಕಂಡಿದೆ. ಹೊಟ್ಟೆಹುಳ ಇದ್ದರೆ ಶುರುವಿಗೆ ಮುಂಚೆಯೇ ಔಷಧಿ ತೆಗೆದುಕೊಳ್ಳಬೇಕು. ದೇಹ ಹುಳದ ವಿರುದ್ಧ ಬಳಸುವುದೂ ಇದೇ ಟೈಪ್ 2 ದಾರಿಯನ್ನು. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಇದನ್ನು ಮರೆಯಬೇಡಿ. ಇನ್‌ಹೇಲರ್, ಸ್ಟಿರಾಯ್ಡ್ ಮಾತ್ರೆ ಇದ್ದರೆ ಒಮ್ಮೆಲೇ ನಿಲ್ಲಿಸಬಾರದು. ಬಸುರಿಯರು, ಬಸಿರಾಗಬೇಕೆಂದಿರುವವರು ಮೊದಲೇ ಹೇಳಬೇಕು.

ಬೆಂಗಳೂರಿನಿಂದ ಸೂಜಿ ತರಬೇಕು. ಬೇಸಿಗೆಯಲ್ಲಿ ಕೆಡುವುದಿಲ್ವಾ?

ಕೆಡುತ್ತದೆ. ಈ ಸೂಜಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಡುಪಿಲುಮಾಬ್ ಹೊರಗೆ ಇಟ್ಟರೆ 25 ಡಿಗ್ರಿ ಮೀರದಂತೆ ಹೆಚ್ಚೆಂದರೆ 14 ದಿನ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ದಾಟುತ್ತದೆ, 25 ಎಲ್ಲಿಂದ ಬರಬೇಕು? ಥರ್ಮೋಕೋಲ್ ಡಬ್ಬಿ, ಜೆಲ್ ಪ್ಯಾಕ್ ಬೇಕು. ಸೂಜಿಯ ಪೆಟ್ಟಿಗೆ ಮಂಜಿಗೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದ್ದು ಕಸಕ್ಕೇ. ರಾತ್ರಿ ಬಸ್ಸಿಗಾದರೆ ಡಿಕ್ಕಿಯಲ್ಲಿ ಹಾಕದೆ ಕಾಲ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲಿ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಬಾಗಿಲಿನಲ್ಲಿ ಬೇಡ. ಚುಚ್ಚುವ ಮುಂಚೆ ಮುಕ್ಕಾಲು ಗಂಟೆ ಹೊರಗಿಡಿ. ಬಿಸಿನೀರಿನಲ್ಲಿ ಅದ್ದಬೇಡಿ.

ಊರಿನ ಧೂಳೇ ಕಾರಣನಾ? ಊರು ಬಿಟ್ಟರೆ ಹೋಗುತ್ತಾ?

ಸಂಡೂರಿನ ಗಣಿ ಧೂಳು, ಗಿಣಿಗೇರಾ ಕಡೆಯ ಕಾರ್ಖಾನೆ ಹೊಗೆ, ಶಕ್ತಿನಗರದ ಹಾರುಬೂದಿ, ಹತ್ತಿ ಜಿನ್ನಿಂಗ್ ಮಿಲ್ಲಿನ ನೂಲುಧೂಳು ಮೂಗಿಗೆ ಒಳ್ಳೆಯದು ಮಾಡುವುದಿಲ್ಲ, ಇರುವ ಕಾಯಿಲೆಯನ್ನು ಕೆದಕುತ್ತವೆ. ಕೆಲಸದಲ್ಲಿ ಬಟ್ಟೆ ಕಟ್ಟಿಕೊಳ್ಳುವುದಕ್ಕಿಂತ ಎನ್-95 ಮಾಸ್ಕ್ ಹಾಕಿ, ಮನೆಗೆ ಬಂದ ಮೇಲೆ ಮೂಗು ತೊಳೆಯಿರಿ. ಆದರೆ ಟೈಪ್ 2 ಉರಿಯೂತ ಊರು ಬಿಟ್ಟರೂ ಜೊತೆಗೇ ಬರುತ್ತದೆ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು?

ಶುರು ಹತ್ತಿರದಲ್ಲೇ ಮಾಡಿ. ಬಳ್ಳಾರಿಯಲ್ಲಿ ಹಿಂದೆ ವಿಮ್ಸ್ ಅನ್ನುತ್ತಿದ್ದ ಸರ್ಕಾರಿ ಮೆಡಿಕಲ್ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತದ್ದು ಸುಮ್ಮನೆ ಅಲ್ಲ. ಬಯೋಲಾಜಿಕ್ ಮಟ್ಟದ ಮಾತಿಗೆ ಬಂದರೆ ಇ.ಎನ್.ಟಿ, ಎದೆರೋಗ ತಜ್ಞರು ಇಬ್ಬರೂ ಕೂಡಿ ನೋಡಬೇಕಾಗುತ್ತದೆ. ಅದಕ್ಕೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ರಾಯಚೂರಿನವರಾದರೆ ಹೈದರಾಬಾದ್ ಹತ್ತಿರ.

ಹೋಗುವಾಗ ಸಿಟಿ ಸ್ಕ್ಯಾನಿನ ರಿಪೋರ್ಟ್ ಹಾಳೆ ಮಾತ್ರವಲ್ಲ, ಫಿಲ್ಮ್ ಅಥವಾ ಸಿಡಿ ಒಯ್ಯಿರಿ. ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್ ಇರಲಿ. ರಕ್ತದ ಇಯೊಸಿನೊಫಿಲ್ ಲೆಕ್ಕ ಸ್ಟಿರಾಯ್ಡ್ ತೆಗೆದುಕೊಂಡಾಗ ಇಳಿದಿರುತ್ತದೆ. ಹಾಗಾಗಿ ರಕ್ತ ಕೊಟ್ಟ ತಾರೀಕು, ಕೊನೆಯ ಸ್ಟಿರಾಯ್ಡ್ ತಾರೀಕು ಎರಡೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಗಿಬರದ ಮಾತ್ರೆಯ ಖಾಲಿ ಪಟ್ಟಿ ಮನೆಯಲ್ಲಿದ್ದರೆ ಅದನ್ನೂ ಜೇಬಿಗೆ ಹಾಕಿಕೊಳ್ಳಿ.